ಪುಟ್ಟಲಕ್ಷ್ಮಮ್ಮನವರ ಪೂರ್ತಿ ಹೆಸರು

ಮೊನ್ನೆ ಬೆಳಿಗ್ಗೆ ಕಾಫಿ ಕುಡಿಯುತ್ತಾ ಪತ್ರಿಕೆ ತಿರುವುತ್ತಿದ್ದೆ. ಯಾವುದೋ ಡೇಟಾಬೇಸ್ ತಂತ್ರಾಂಶದಲ್ಲಿ ದೋಷ ಸಿಕ್ಕಿದೆಯಂತೆ. ಅದು ನಿರೀಕ್ಷಿಸದಷ್ಟು ಉದ್ದದ ಸಾಲೊಂದನ್ನು ಕಳಿಸಿದರೆ ಸಾಕು, ಸರ್ವರ್ ಕುಸಿದು ಬೀಳುತ್ತದಂತೆ. ತಜ್ಞರಿಗೆ ಗಾಬರಿ. ನೋಡಿ, ಇದನ್ನು ಕೆ.ಆರ್. ಪೇಟೆ ಕಡೆ ನಾವು ತೊಂಬತ್ತರ ದಶಕದಲ್ಲೇ ಕಂಡುಹಿಡಿದಿದ್ದೆವು, ಯಾರ ಗಮನಕ್ಕೂ ಬರಲಿಲ್ಲ ಅಷ್ಟೆ.

ಆಗ ನಾನೊಂದು ಖಾಸಗಿ ಸಕ್ಕರೆ ಮಿಲ್ಲಿನಲ್ಲಿ ಕಂಪ್ಯೂಟರ್ ಆಪರೇಟರ್. ಆ ಮಿಲ್ಲು ಈಗಿಲ್ಲ. ಪಾಂಡವಪುರದಲ್ಲಿ ಟೈಪಿಂಗ್ ಜೊತೆಗೆ ಒಂದಿಷ್ಟು ಕಂಪ್ಯೂಟರು ಕಲಿತವನನ್ನು ಜನ ಇಂಜಿನಿಯರ್ ಅನ್ನುತ್ತಿದ್ದರು, ನಾನು ತಿದ್ದುತ್ತಿರಲಿಲ್ಲ. ಸರ್ವರ್ ಯಂತ್ರಕ್ಕೆ ಸೆಖೆಯಾಗಬಾರದೆಂದು ನನ್ನ ಕೋಣೆಗೆ ಏಸಿ ಹಾಕಿಸಿದ್ದರು. ಹಾಗಾಗಿ ಮಾಲೀಕರಿಗೆ ಫ್ಯಾನು, ನನಗೆ ಏಸಿ. ರೈತರು ಕಿಟಕಿಯಲ್ಲಿ ಹೆಸರು ಹೇಳಬೇಕು, ನಾನು ಟೈಪು ಮಾಡಬೇಕು, ಆಮೇಲೆ ಗೇಟು ತೆರೆದು ಕಬ್ಬು ತೂಕಕ್ಕೆ ಹೋಗಬೇಕು.

ಸಿಂಧಘಟ್ಟದ ಪುಟ್ಟಲಕ್ಷ್ಮಮ್ಮ ಗಂಡ ತೀರಿಕೊಂಡ ಮೇಲೆ ತಾವೇ ಗದ್ದೆ ನೋಡಿಕೊಳ್ಳುತ್ತಿದ್ದರು. ಹಿಂದಿನ ಸಲ ಅವರ ಸರದಿ ಅದೇ ಹೆಸರಿನ ಇನ್ನೊಬ್ಬರಿಗೆ ಹೋಗಿ, ಕಡಿದಿಟ್ಟ ಕಬ್ಬು ಗಾಡಿಯಲ್ಲೇ ಒಣಗಿತ್ತು.

"ಬರೀ ಪುಟ್ಟಲಕ್ಷ್ಮಮ್ಮ ಅಂತ ಬರ್ದ್‌ಬುಟ್ರೆ ನನ್ ಕಬ್ಬು ಇನ್ಯಾರ್ದೋ ಆಯ್ತದೆ," ಎಂದರು. "ಪೂರ್ತಿ ಬರ್ಕೊಳಿ. ಪುಟ್ಟಲಕ್ಷ್ಮಮ್ಮ, ಸಿಂಧಘಟ್ಟದ ದೊಡ್ಡಮನೆ, ದಿವಂಗತ ಚಿಕ್ಕನರಸಿಂಹೇಗೌಡರ ಧರ್ಮಪತ್ನಿ."

ಬರೆದೆ. ಸರ್ವರ್ ಸತ್ತಿತು. ಗೇಟಿನ ಪರದೆ, ತೂಕದ ಪರದೆ, ಎಲ್ಲ ಕಪ್ಪು. ಮತ್ತೆ ಎಬ್ಬಿಸಿ ಮತ್ತೆ ಬರೆದರೆ ಮತ್ತೆ ಸತ್ತಿತು. ತಂತ್ರಾಂಶ ಕೊಟ್ಟಿದ್ದ ಮೈಸೂರಿನವನಿಗೆ ಫೋನು ಮಾಡಿದೆ. ಹೆಸರಿಗೆಂದು ಇಟ್ಟ ಜಾಗ ತುಂಬಿ ತುಳುಕಿ ಪಕ್ಕದ್ದನ್ನೆಲ್ಲ ಕೆಡಿಸುತ್ತದೆ, ಉದ್ದ ಹೆಸರು ಬರೆಸಿದವರು ಯಾರೇ ಆದರೂ ಮಿಲ್ಲನ್ನೇ ನಿಲ್ಲಿಸಬಹುದು, ಆದ್ದರಿಂದ ಗುಟ್ಟಾಗಿಡಿ ಎಂದ. ಮಾಲೀಕರು ಕೈಗೊಂಡ ಭದ್ರತಾ ಕ್ರಮ ಇಷ್ಟೇ: ಪುಟ್ಟಲಕ್ಷ್ಮಮ್ಮನವರನ್ನು ಕಿಟಕಿಯ ಹತ್ತಿರ ಬಿಡಬಾರದು. ಕಾವಲುಗಾರನಿಗೆ ಕಾರಣ ಹೇಳದೆ ವಿಧಿಯಿರಲಿಲ್ಲ. ಅವನಿಗೆ ಹೇಳಿದ ಮೇಲೆ ಗುಟ್ಟು ಚಹಾದಂಗಡಿ ತಲುಪಲು ತಡವಾಗಲಿಲ್ಲ.

ಮರುವಾರ ಮಾಲೀಕರ ಭಾವಮೈದುನನ ಟ್ರಾಕ್ಟರು ಸಾಲು ತಪ್ಪಿಸಿ ಮುಂದೆ ಹೋಯಿತು. ಬೆಳಗಿನಿಂದ ಗಾಡಿ ಕಟ್ಟಿಕೊಂಡು ನಿಂತಿದ್ದ ದೇವಲಾಪುರದ ಶಿವಣ್ಣ ಜಗಳಕ್ಕೆ ಹೋಗಲಿಲ್ಲ. ಮೆಲ್ಲಗೆ ಕಿಟಕಿಗೆ ಬಂದು, "ನನ್ ಎಸ್ರು ವಸಿ ಉದ್ದ ಐತೆ ಕಣ್ಲಾ," ಎಂದು ಮುತ್ತಾತನಿಂದ ಶುರು ಮಾಡಿದ. ಬೇಡವೆನ್ನಬಹುದಿತ್ತು. ಆದರೆ ರೈತ ಹೇಳಿದಂತೆ ಬರೆಯಬೇಕೆಂಬುದು ಮಿಲ್ಲಿನದೇ ನಿಯಮ. ಬರೆದೆ. ಭಾವಮೈದುನನ ಟ್ರಾಕ್ಟರು ತೂಕದ ಹಲಗೆಯ ಮೇಲೆ ಸಂಜೆಯವರೆಗೂ ನಿಂತಿತ್ತು.

ಬಡಪಾಯಿ ಹೆಂಗಸನ್ನು ಕಿಟಕಿಯಿಂದ ದೂರವಿಟ್ಟಾಗ ಬಾರದ ಮೈಸೂರಿನವನು ಈಗ ಮಾರನೆಯ ದಿನವೇ ಫ್ಲಾಪಿ ಹಿಡಿದು ಬಂದ. ಹೆಸರು ಉದ್ದವಾದರೆ ಇನ್ನು ಮೇಲೆ ಸರ್ವರ್ ಬೀಳುವುದಿಲ್ಲ, ಹೆಸರಿನ ಬಾಲವೇ ತುಂಡಾಗುತ್ತದೆ ಎಂದ. ಪುಟ್ಟಲಕ್ಷ್ಮಮ್ಮನವರನ್ನು ಕರೆಸಿದರು. ಚೀಟಿ ಬಂತು. ಇಂಗ್ಲಿಷಿನಲ್ಲಿತ್ತಾದ್ದರಿಂದ ನಾನೇ ಓದಿ ಹೇಳಿದೆ: ಪುಟ್ಟಲಕ್ಷ್ಮಮ್ಮ, ಸಿಂಧಘಟ್ಟದ ದೊಡ್ಡಮನೆ. ಅಲ್ಲಿಗೆ ಮುಗಿದಿತ್ತು.

"ಅವ್ರ ಎಸ್ರು?"

ಗಂಡನ ಹೆಸರಿಗೆ ಜಾಗ ಸಾಲಲಿಲ್ಲ ಎಂದೆ. ಅವರು ಚೀಟಿಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಅವ್ರಿಲ್ದಿದ್ರೂ ಕಬ್ಬು ನಂದೇ ಅಂತ ಗೊತ್ತಾಯ್ತದಾ?"

"ಗೊತ್ತಾಗ್ತದಮ್ಮ."

"ಅಂಗಿದ್ರೆ ಇರ್ಲಿ ಬುಡಿ."

ಮುಂದಿನ ವರ್ಷ ಕಿಟಕಿಗೆ ಬಂದಾಗ ಅವರು ತಾವಾಗಿಯೇ ಅಷ್ಟೇ ಹೆಸರು ಹೇಳಿ ನಿಲ್ಲಿಸಿದರು. ಮರೆತೋ, ಬೇಕೆಂದೋ, ನಾನು ಕೇಳಲಿಲ್ಲ.

ಇಷ್ಟು ವರ್ಷ ಈ ಕತೆಯನ್ನು 'ಸರ್ವರ್ ಬೀಳಿಸಿದ ಹೆಂಗಸು' ಎಂದೇ ಶುರು ಮಾಡಿ ಜನರನ್ನು ನಗಿಸುತ್ತಿದ್ದೆ. ಇವತ್ತು ನಿಮಗೆ ಹೇಳುವಾಗ ಹಾಗನ್ನಲು ಬಾಯಿ ಬರಲಿಲ್ಲ. ಅವರು ಬರೀ ತಮ್ಮ ಹೆಸರು ಹೇಳಿದ್ದರು.