ಮೋಹನ ಕೊಟ್ಟ ದೆವ್ವದ ಕ್ಯಾಸೆಟ್ಟು

ಹೋದ ಭಾನುವಾರ ಮಟಮಟ ಮಧ್ಯಾಹ್ನ ನಮ್ಮ ಪೀಣ್ಯದ ಮನೆಯಲ್ಲಿ ನಾಲ್ಕು ಜನ ದೊಡ್ಡವರು ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದೆವು. ಕಿಟಕಿಗೆ ಕಂಬಳಿ. ಎದುರಿಗೆ ಟೀವಿ. ಟೀವಿಯಲ್ಲಿ ಒಂದು ಮುಚ್ಚಿದ ಬಾಗಿಲು.

ಮುಚ್ಚಿದ ಬಾಗಿಲಿಗೆ ಯಾರಾದರೂ ಹೆದರುತ್ತಾರೆಯೇ ಎಂದು ನಗಬೇಡಿ. ಐದು ನಿಮಿಷ ಅದನ್ನೇ ನೋಡಿ, ಆಮೇಲೆ ಮಾತಾಡಿ.

ತಪ್ಪೆಲ್ಲ ಕ್ಯಾಸೆಟ್ ಅಂಗಡಿಯ ಮೋಹನನದು. ಸಿನಿಮಾ ಕ್ಯಾಸೆಟ್ಟನ್ನು ಬಾಡಿಗೆಗೆ ಕೊಡುವವನೂ ಅವನೇ, ಊರವರ ಮದುವೆ ಮುಂಜಿಗೆ ವಿಡಿಯೋ ತೆಗೆಯುವವನೂ ಅವನೇ. "ಸಾರ್, ಇದು ಹೊಸ ಥರದ ದೆವ್ವದ ಪಿಕ್ಚರು. ಮದ್ರಾಸ್ ಕಡೆ ಹುಡುಗರು ತೆಗೆದಿರೋದು. ಯಾರೋ ಬಿಟ್ಟುಹೋದ ಕ್ಯಾಸೆಟ್ಟು ನಮ್ಮ ಕೈಗೆ ಸಿಕ್ಕ ಹಾಗಿರುತ್ತೆ. ದೆವ್ವ ಬೇಗ ಬರಲ್ಲ. ಬರುತ್ತೆ, ಬರುತ್ತೆ ಅನ್ನಿಸೀ ಅನ್ನಿಸೀ ಸಾಯಿಸುತ್ತೆ. ಸ್ವಲ್ಪ ತಾಳ್ಮೆ ಬೇಕು," ಎಂದಿದ್ದ.

ತಾಳ್ಮೆಯಿಂದ ಕೂತೆವು. ನಾನು, ನನ್ನ ಹೆಂಡತಿ ಶಾರದೆ, ನಮ್ಮ ಫ್ಯಾಕ್ಟರಿಯ ಟರ್ನರ್ ನಂಜಪ್ಪ, ಮನೆ ಓನರ್ ಪುಟ್ಟತಾಯಮ್ಮ. (ಪೀಣ್ಯದಲ್ಲಿ ಶೆಡ್ಡುಗಳು ಏಳುವ ಮುಂಚೆ ಅಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ. ಯಾರಿಗೂ ಹೆದರದ ಹೆಂಗಸು. ಅವತ್ತು ಮಾತ್ರ ಮೊದಲ ನಿಮಿಷದಿಂದಲೇ ಮುಖದ ಮೇಲೆ ಸೆರಗು.)

ಚಿತ್ರ ಅಲ್ಲಾಡುತ್ತಿತ್ತು. ಸದ್ದೇ ಇಲ್ಲ. ಯಾರದೋ ಕಾಲು, ಬಿಳಿ ಗೋಡೆ, ಒಂದು ಸಾಮಾನೂ ಇಲ್ಲದ ಖಾಲಿ ಕೋಣೆಗಳು. ಒಲೆಯ ಮೇಲೆ ಹಾಲು ಉಕ್ಕಿ ಸುರಿಯುತ್ತಿದೆ, ಆರಿಸುವವರಿಲ್ಲ. ಒಂದು ಕೋಣೆಯಿಂದ ಹೊಗೆ.

"ಹೊಗೆ ಬಂತು ಸಾರ್. ಇನ್ನೇನು ಬರುತ್ತೆ ಅದು," ಎಂದ ನಂಜಪ್ಪ. ದಿನವಿಡೀ ಕಬ್ಬಿಣ ಕೊರೆಯುವ ಕೈ ನನ್ನ ಮೊಣಕಾಲನ್ನು ಹಿಂಡುತ್ತಿತ್ತು.

ಆಮೇಲೆ ಬಂತು ಆ ಬಾಗಿಲು. ಕಾದೆವು. ಮೆಲ್ಲಗೆ ತೆರೆಯಿತು. ಒಳಗೆ ಬಂದದ್ದು ಹಸುವಿನ ಮುಖ!

ಶಾರದೆ ಕಿರುಚಿದಳು. "ಮನೆಯೊಳಗೆ ಹಸು ಯಾಕ್ರೀ ಬಂತು?"

(ಹಾಲು, ಹೊಗೆ, ಹಸು. ನಿಮಗೆ ಯಾವಾಗಲೋ ಗೊತ್ತಾಗಿದೆ. ಆದರೆ ನೀವು ಹೆದರಿಲ್ಲವಲ್ಲ!)

ಕೊನೆಗೆ ಜಗಲಿಯ ಮೇಲೆ ಒಬ್ಬ ಮುದುಕಿ. ಒಬ್ಬಳೇ. ಕುರ್ಚಿಯಲ್ಲಿ ಕೂತು, ರೆಪ್ಪೆ ಬಡಿಯದೆ ನೇರ ನಮ್ಮನ್ನೇ ನೋಡುತ್ತಿದ್ದಾಳೆ. ಒಂದು ನಿಮಿಷ. ಎರಡು ನಿಮಿಷ. ಪುಟ್ಟತಾಯಮ್ಮ ಸೆರಗಿನ ಸಂದಿಯಿಂದ ಇಣುಕಿದರು.

"ಅಯ್ಯೋ ಶಿವನೇ! ನಮ್ಮಕ್ಕ!"

ನಂಜಪ್ಪ ನನ್ನ ಮೊಣಕಾಲು ಬಿಡದೆಯೇ ಕೇಳಿದ. "ಅವರು... ತೀರಿಹೋಗಿ ಎಷ್ಟು ದಿನ ಆಯ್ತಮ್ಮ?"

"ನಿನ್ ಬಾಯಿಗ್ ಮಣ್ಣಾಕ! ಬದುಕವ್ಳೆ ಕಣಯ್ಯ! ಮಾಕಳಿ ಗೌರಕ್ಕ! ಇದು ಅವಳ ಒಸ ಮನೆ ಗೃಹಪ್ರವೇಶ ಕಣ್ರೋ!"

ಕಂಬಳಿ ಇಳಿಸಿದೆವು. ಬೆಳಕಿನಲ್ಲಿ ಒಬ್ಬರ ಮುಖ ಒಬ್ಬರು ನೋಡಲು ನಾಚಿಕೆ. ಮೋಹನ ಎರಡು ಕ್ಯಾಸೆಟ್ಟುಗಳ ಲೇಬಲ್ ಅದಲುಬದಲು ಮಾಡಿದ್ದ.

ಸ್ವಂತ ಅಕ್ಕನ ಮನೆಯನ್ನು ಪುಟ್ಟತಾಯಮ್ಮ ಗುರುತಿಸಲಿಲ್ಲವೇ? ಹೋಗಿದ್ದರೆ ತಾನೇ! "ಅಳಿಯನ ಕೈಲಿ ಕಾರ್ಡ್ ಕಳಿಸಿದ್ಲು. ಒಡಹುಟ್ಟಿದವ್ಳನ್ನ ತಾನೇ ಬಂದು ಕುಂಕುಮ ಇಟ್ಟು ಕರೀಬ್ಯಾಡ್ವಾ? ನಾನ್ ಓಗ್ನಿಲ್ಲ," ಎಂದರು. ಆಮೇಲೆ ಟೀವಿಯ ಗಾಜನ್ನು ಮುಟ್ಟಿ, "ಎಂಗ್ ಸೊರಗವ್ಳೆ ನೋಡಿ," ಎಂದರು. ಮರುಕ್ಷಣ ಎದ್ದು ನಿಂತರು. "ಕ್ಯಾಸೆಟ್ ಎತ್ಕಳಿ ಸಾಮಿ. ಕೊಟ್ ಬರಾನ."

ತುಮಕೂರು ರಸ್ತೆಯ ಬಸ್ಸು ಹಿಡಿದು ಮಾಕಳಿಗೆ ಹೋದೆವು. ಗೌರಮ್ಮನ ನಡುಮನೆಯಲ್ಲಿ ನೆಂಟರ ಗುಂಪು ಟೀವಿ ಮುಂದೆ ಉಸಿರು ಬಿಗಿಹಿಡಿದು ಕೂತಿತ್ತು. ಬಾಗಿಲಲ್ಲಿ ಪುಟ್ಟತಾಯಮ್ಮ ಕಾಣಿಸಿದ್ದೇ ತಡ, ಇಬ್ಬರು ಚೀರಿದರು.

ಅಳಿಯ ಬಿಳಿಚಿಕೊಂಡಿದ್ದ. "ಒಂದು ಗಂಟೆಯಿಂದ ನಮ್ಮ ಮುಖ ಯಾವಾಗ ಬರುತ್ತೆ ಅಂತ ಕಾಯ್ತಾ ಇದೀವಿ ಸಾರ್. ಆ ಮೋಹನ ಬರೀ ಮೆಟ್ಟಿಲು ತೋರಿಸ್ತಾನೆ. ಶುರುವಿನಲ್ಲಿ ಡಿಸೈನ್ ಹಾಕ್ತೀನಿ ಅಂದಿದ್ದ, ಅದೇ ಇರಬೇಕು ಅಂದ್ಕೊಂಡ್ವಿ!"

ಅಕ್ಕತಂಗಿಯರಿಗೆ ಇದ್ಯಾವುದೂ ಕೇಳಿಸುತ್ತಿರಲಿಲ್ಲ. ತಂಗಿಯೇ ಮೊದಲು ಬಾಯಿ ಬಿಟ್ಟರು. "ಅದೇನಕ್ಕ, ಕ್ಯಾಮೆರಾನ ನುಂಗೋ ಅಂಗ್ ನೋಡ್ತಾ ಕುಂತಿದ್ದೆ? ಇವ್ರೆಲ್ಲ ಎದರ್ಕಂಡ್ರು."

"ಯಾವ್ ಕ್ಯಾಮೆರಾ?" ಎಂದರು ಗೌರಮ್ಮ. "ನಾನ್ ಬಸ್ಟಾಪ್ ಕಡೆ ನೋಡ್ತಿದ್ದೆ. ನೀನ್ ಬತ್ತೀಯೇನೋ ಅಂತ."

"ಕರಿಯಕ್ ಬರ್ದೆ ಬಸ್ಟಾಪ್ ನೋಡ್ತಾಳಂತೆ!" ಎಂದು ಪುಟ್ಟತಾಯಮ್ಮ ಗದರಿದರು. ಗದರುತ್ತಲೇ ಅತ್ತರು. ಗೌರಮ್ಮ ಒಳಗೆ ಹೋಗಿ ಕುಂಕುಮದ ಬಟ್ಟಲು ತಂದರು. "ಬಂದಾಯ್ತಲ್ಲ, ಈಗ್ಯಾಕೆ ಅದು?" ಎಂದ ತಂಗಿ ಹಣೆಯನ್ನು ಮಾತ್ರ ಮುಂದಕ್ಕೇ ಚಾಚಿದ್ದರು.

ನಾನು ಕಾಫಿ ಲೋಟ ಹಿಡಿದು ಗೋಡೆ ನೋಡುತ್ತಿದ್ದೆ. ಇನ್ನೇನು ಮಾಡಲಿ?

ನಿಜವಾದ ದೆವ್ವದ ಪಿಕ್ಚರನ್ನು ನಾವು ಕೊನೆಗೂ ನೋಡಲಿಲ್ಲ. ಶಾರದೆ ಬೇಡವೆಂದಳು. ನನಗೂ ಬೇಡವಾಗಿತ್ತು. ಮೆಟ್ಟಿಲಿನಿಂದ ದೆವ್ವ ಇಳಿದು ಬರಲಿ ಬಿಡಲಿ, ಎರಡು ಗಂಟೆಯೊಳಗೆ ಕ್ಯಾಸೆಟ್ಟು ಮುಗಿಯುತ್ತದೆ. ಆದರೆ ಒಂದೇ ಬಸ್ಸಿನ ದಾರಿಯಲ್ಲಿದ್ದುಕೊಂಡು ಅವಳೇ ಬರಲಿ ಎಂದು ಇವಳು, ಇವಳೇ ಬರಲಿ ಎಂದು ಅವಳು ತಿಂಗಳುಗಟ್ಟಲೆ ಕಾದು ಕೂರುವುದಿದೆಯಲ್ಲ, ಅದನ್ನು ನಿಲ್ಲಿಸಲು ಯಾವ ಬಟನ್ ಒತ್ತಬೇಕು?

ಹೇಳಿ, "ಅವರೇ ಬಂದು ಕರೆಯಲಿಲ್ಲ" ಎಂದು ನೀವು ಹೋಗದೆ ಬಿಟ್ಟ ಮನೆ ಯಾವುದು?