ಹಿಂದೆ ಗುಂಡಿ ಇದ್ದ ಕೋಟು

ಹೋದ ವಾರ ಮಗಳು ಹಾಸನದಿಂದ ಒಂದು ಹೊಸ ಕೋಟು ತಂದುಕೊಟ್ಟಳು. ಲೇತ್ ಮುಂದೆ ನಿಂತು ಮರ ಕಡೆಯುವವರಿಗೆಂದೇ ಹೊಲಿದದ್ದಂತೆ. ಕವರ್ ಹರಿದ ಕೂಡಲೇ ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಅದಕ್ಕೆ ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆಯೂ ಸೇರಿದ್ದರೆ ಪಕ್ಕದ ಮಳಿಗೆಯ ಟೈಲರಮ್ಮನೇ ಬಂದು ನಿಂತಂತಾಗುತ್ತಿತ್ತು... ಕೋಟನ್ನು ಮೊಳೆಗೆ ಸಿಕ್ಕಿಸಿ ಸ್ಟೂಲಿನ ಮೇಲೆ ಕೂತೆ. ಈಚೆಗೆ ಕೂತರೆ ಏಳುವುದೇ ಬೇಡ ಅನಿಸುತ್ತದೆ.

ಆಲೂರಿನಲ್ಲಿ ನಮ್ಮ ಮಳಿಗೆಗೂ ಟೈಲರಮ್ಮನ ಮಳಿಗೆಗೂ ನಡುವೆ ಒಂದೇ ಗೋಡೆ. ಈ ಕಡೆ ಮಂಚದ ಕಾಲು, ಮೆಟ್ಟಿಲ ಕಂಬಿ, ಲಟ್ಟಣಿಗೆ ಕಡೆಯುವ ನಮ್ಮ ಲೇತ್. ಆ ಕಡೆ ಅವರ ಹೊಲಿಗೆ ಮಿಷನ್. ಅವರ ಹಿರಿಯರು ಮಂಗಳೂರು ಕಡೆಯಿಂದ ಎಸ್ಟೇಟ್ ಕೆಲಸಕ್ಕೆ ಬಂದವರು. ಭಾನುವಾರ ಚರ್ಚಿಗೆ ಹೋಗುವ ಹೊತ್ತು ಬಿಟ್ಟರೆ ಅವರ ಕೊರಳಲ್ಲಿ ಅಳತೆ ಟೇಪು ಇಲ್ಲದ್ದನ್ನು ನಾನು ನೋಡಿಲ್ಲ. ಕಡ್ಡಿ ಮುರಿದಂತೆ ಮಾತು. ಬ್ಲೌಸು ತಡವಾಯಿತೆಂದು ಜಗಳಕ್ಕೆ ಬಂದವರೇ ಬೈಸಿಕೊಂಡು ಹೋಗುತ್ತಿದ್ದರು.

ಲೇತ್ ನನ್ನ ಗಂಡನದು. ಪಾಳ್ಯದಿಂದ ಬರುವಾಗ ಬೈಕಿನಿಂದ ಬಿದ್ದು ಅವರ ಬಲಭುಜ ಮುರಿಯಿತು. ಮೂಳೆ ಕೂಡಿದ ಮೇಲೂ ಉಳಿ ಒತ್ತಿ ಹಿಡಿಯುವ ಬಲ ಬರಲಿಲ್ಲ. ಮದುವೆಯಾದಾಗಿನಿಂದ ಪಕ್ಕದಲ್ಲಿ ನಿಂತು ಪಾಲಿಶ್ ಹಾಕುತ್ತಾ ನನಗೂ ಕೆಲಸ ಕೈಗೆ ಹತ್ತಿತ್ತು. ಲೇತ್ ನಿಂತರೆ ಒಲೆಯೂ ಉರಿಯುವುದಿಲ್ಲ, ಹಾಗಾಗಿ ನಾನೇ ನಿಂತೆ. ಏನು ತೊಟ್ಟುಕೊಂಡು ನಿಲ್ಲಬೇಕು ಅನ್ನುವುದನ್ನು ಮಾತ್ರ ಯಾರೂ ಯೋಚಿಸಲಿಲ್ಲ. ನಮ್ಮ ಕಡೆ ತೋಟದ ಕೆಲಸಕ್ಕೆ ಹೋಗುವ ಹೆಂಗಸರೆಲ್ಲ ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಶರಟು ಹಾಕುತ್ತಾರೆ. ಕಾಫಿ ಗಿಡದ ಕಡ್ಡಿ ಗೀರುವುದಿಲ್ಲ, ಇರುವೆ ಕಚ್ಚುವುದಿಲ್ಲ. ನಾನೂ ಅಂಥದೇ ಒಂದು ಶರಟು ಏರಿಸಿಕೊಂಡು, ಬಳೆ, ತಾಳಿ ಸಮೇತ ಲೇತ್ ಮುಂದೆ ನಿಂತೆ.

ಒಂದು ಮಧ್ಯಾಹ್ನ, ಗುಂಡಿ ಕಿತ್ತುಹೋಗಿದ್ದ ಆ ತೋಳಿನ ತುದಿ ತಿರುಗುತ್ತಿದ್ದ ಮಂಚದ ಕಾಲಿಗೆ ಸುತ್ತಿಕೊಂಡಿತು. ಕೈಯನ್ನೂ ಒಳಕ್ಕೆ ಎಳೆದುಕೊಂಡಿತು. ಪುಣ್ಯಕ್ಕೆ ಹಳೆಯ ಬಟ್ಟೆ, ಭುಜದವರೆಗೂ ಹರಿದುಕೊಂಡು ಬಂತು. ಗಟ್ಟಿ ಬಟ್ಟೆಯಾಗಿದ್ದರೆ... ನನ್ನ ಕೂಗು ಕೇಳಿ ಓಡಿಬಂದ ಟೈಲರಮ್ಮ ಸ್ವಿಚ್ ಆರಿಸಿದರು. ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತ. ಅದನ್ನು ಒರೆಸಿದವರು, ಉಳಿದ ಚಿಂದಿಯನ್ನು ಎತ್ತಿ ಹಿಡಿದು ನೋಡಿದರು.

"ತೋಟದ ಬಟ್ಟೆ ತೋಟಕ್ಕೆ ಸರಿ ಮಾರಾಯ್ತಿ. ಇದು ಎಳ್ಕೊಳ್ಳೋ ಮಿಷನ್ನು. ನಾನೊಂದು ಕೋಟು ಹೊಲ್ದು ಕೊಡೋವರ್ಗೂ ಸ್ವಿಚ್ ಮುಟ್ಟಿದ್ರೆ ಜಾಗ್ರತೆ!"

ಮನೆಯಲ್ಲಿ ಅತ್ತೆಯದು ಬೇರೆಯೇ ಹಠ. ಬಟ್ಟೆ ಏನಾದರೂ ಹಾಕಿಕೊ, ಬಳೆ ಮಾತ್ರ ತೆಗೆಯಕೂಡದು. "ಗಂಡ ಗುಂಡುಕಲ್ಲಂಗೆ ಕೂತವ್ನೆ. ಬರಿಗೈಲಿ ಬೀದಿಗೆ ಹೋಯ್ತೀಯೇನೇ? ಬೇಕಾದ್ರೆ ಲೇತ್ ಮಾರ್ಬುಡಿ" ಅಂದರು. ಲೇತ್ ಮಾರಿದರೆ ಕೂಲಿಗೆ ಹೋಗಬೇಕು, ನನ್ನವರ ಭುಜಕ್ಕೆ ಅದೂ ಆಗದು. ಅತ್ತೆಯ ಮೇಲೆ ಸಿಟ್ಟು ಮಾಡಲೂ ನನ್ನಿಂದಾಗಲಿಲ್ಲ. ಮಗ ಬದುಕಿ ಬಂದನಲ್ಲ ಎಂದು ದಿನವೂ ದೇವರಿಗೆ ದೀಪ ಹಚ್ಚುತ್ತಿದ್ದ ಜೀವ ಅದು.

ಟೈಲರಮ್ಮ ಕೋಟನ್ನು ನನ್ನ ಕೈಗೆ ಕೊಡಲಿಲ್ಲ, ನೇರ ಮನೆಗೆ ಬಂದು ಅತ್ತೆಯ ಮುಂದೆ ಹಾಸಿದರು. ದಪ್ಪ ಖಾಕಿ. ಮುಂದೆ ಗುಂಡಿಯಿಲ್ಲ, ಜೇಬಿದ್ದರೆ ಮರದ ಹೊಟ್ಟು ತುಂಬುತ್ತದೆಂದು ಜೇಬೂ ಇಲ್ಲ. ಕೊರಳು ಗಂಟಲವರೆಗೆ ಮುಚ್ಚಿದ್ದು, ತಾಳಿ ಒಳಗೇ ಭದ್ರ. ಸೀರೆ ಬೇಡ, ಚೂಡಿದಾರದ ಪ್ಯಾಂಟು ಸಾಕು ಅಂದರು. ಜಡೆ ಜಾರದಂತೆ ತಲೆಗೆ ಕಟ್ಟಲು ಒಂದು ಬಟ್ಟೆಯನ್ನೂ ತಂದಿದ್ದರು. ತೋಳು ಮಣಿಕಟ್ಟಿಗೆ ಅಂಟುವಷ್ಟು ಬಿಗಿ. ಆ ತೋಳಿನ ತುದಿಗೆ ಸುತ್ತಲೂ ಸಾಲಾಗಿ ಹಸಿರು ಪಟ್ಟಿಗಳು.

"ಅಜ್ಜೀ, ಬಳೆ ತೋಳಿಗೇ ಹೊಲ್ದಿದೀನಿ ನೋಡಿ. ಒಡೆಯೋದಿಲ್ಲ. ಗಾಜಿಂದು ಸಂಜೆ ಮನೇಗೆ ಬಂದು ಹಾಕ್ಕೊಳ್ಳಲಿ."

ಅತ್ತೆ ಪಟ್ಟಿಗಳ ಮೇಲೆ ಬೆರಳಾಡಿಸಿದರು. ಒಳಗೆ ಹೋಗಿ ಅರಿಶಿನ ಕುಂಕುಮ ತಂದು ಎರಡೂ ತೋಳಿನ ತುದಿಗೆ ಹಚ್ಚಿದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಅದನ್ನು ಟೈಲರಮ್ಮ ಹೊಲಿಗೆಯಲ್ಲಿ ಮಾಡಿ ತೋರಿಸಿದರು. ಅತ್ತೆಗೆ ಹಾವು ಅಂದೆನೆಂದು ತಿಳಿಯಬೇಡಿ.

ಗುಂಡಿಗಳೆಲ್ಲ ಕೋಟಿನ ಹಿಂದೆ. ಅವನ್ನು ಹಾಕಲು ಇನ್ನೊಬ್ಬರು ಬೇಕು, ನನ್ನವರ ಕೈ ಮೇಲೇಳದು. ಹಾಗಾಗಿ ಟೈಲರಮ್ಮನೇ ಬೆಳಗ್ಗೆ ತಮ್ಮ ಶಟರ್ ಎತ್ತಿದ ಮೇಲೆ ಈ ಕಡೆ ಬರುತ್ತಿದ್ದರು. ಕತ್ತಿನಿಂದ ಕೆಳಕ್ಕೆ ಒಂದೊಂದೇ ಗುಂಡಿ ಹಾಕುತ್ತಾ ಊರ ಸುದ್ದಿ ಹೇಳುವರು. ಮೊದಮೊದಲು ಹೆದರಿಕೆಗೆ ನನ್ನ ಮೈ ನಡುಗುತ್ತಿತ್ತು. ಅದು ಅವರ ಬೆರಳಿಗೆ ತಿಳಿಯದೆ ಇರುತ್ತದೆಯೇ? ಕೊನೆಯ ಗುಂಡಿ ಹಾಕಿ ಬೆನ್ನು ತಟ್ಟುತ್ತಿದ್ದರು. ಆಮೇಲೆಯೇ ನಾನು ಸ್ವಿಚ್ ಒತ್ತುತ್ತಿದ್ದೆ. ಕೋಟು ಸವೆದರೆ ಮತ್ತೊಂದು, ಅದೇ ಅಳತೆ, ಅದೇ ಹಸಿರು ಪಟ್ಟಿ... ವರ್ಷಗಳು ಹೀಗೇ ಹೋದವು.

ಬರಬರುತ್ತಾ ಅವರ ಕಣ್ಣು ಮಂಜಾಯಿತು. ಬೆರಳುಗಳು ಗುಂಡಿ ತೂರಿಸುವ ಕಾಜಾ ಸಿಗದೆ ತಡಕಾಡುವುದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಅವರು ಊರ ಸುದ್ದಿ ಹೇಳುವುದೂ ನಿಂತುಹೋಯಿತು. ಒಂದು ದಿನ "ಕೋಟು ಕೊಡು, ಸ್ವಲ್ಪ ಕೆಲಸ ಐತೆ" ಎಂದು ಒಯ್ದರು. ತಿರುಗಿ ತಂದಾಗ ಹಿಂದಿನ ಸೀಳನ್ನು ಹೊಲಿದು ಮುಚ್ಚಿದ್ದರು. ಎಡಬದಿಗೆ ತೆರೆಯುವಂತೆ ಮಾಡಿ ಒತ್ತಿದರೆ ಕೂರುವ ಟಿಚ್ ಬಟನ್ ಇಟ್ಟಿದ್ದರು. ಹೊಲಿಗೆ ಅಲ್ಲಲ್ಲಿ ಸೊಟ್ಟಗಾಗಿತ್ತು. ಅವರ ಕೈಯ ಹೊಲಿಗೆ ಸೊಟ್ಟಗಾದದ್ದನ್ನು ನಾನು ಅದುವರೆಗೂ ನೋಡಿರಲಿಲ್ಲ.

"ಯಾಕೆ ಟೈಲರಮ್ಮ ಇದೆಲ್ಲ? ನೀವೇ ಹಾಕ್ತಿದ್ರಲ್ಲ?" ಅಂದೆ.

"ಹಾಕ್ಕೋ ನೋಡುವಾ, ಒಬ್ಳೇ."

ಹಾಕಿಕೊಂಡೆ. ಬಟನ್‌ಗಳು ಸುಲಭವಾಗಿ ಕೂತವು. ಅವರು ಕೈಯಿಂದ ಮುಟ್ಟಿ ನೋಡಿ, ತಲೆಯಾಡಿಸಿ ಆ ಕಡೆಗೆ ಹೋದರು. ಮಳೆ ಹಿಡಿಯುವ ಮೊದಲೇ ಮಂಗಳೂರಿನಲ್ಲಿದ್ದ ತಮ್ಮನ ಮನೆ ಸೇರಿದರು. ಅಲ್ಲೇ ತೀರಿಕೊಂಡರು.

ಅವರ ಕೊನೆಯ ಕೋಟು ಈಗ ತೇಪೆಗೂ ತಡೆಯುತ್ತಿಲ್ಲ. ಮಗಳು ತಂದದ್ದು ಒಳ್ಳೆಯದೇ, ದೂರುವ ಹಾಗಿಲ್ಲ. ತೋಳು ಬಿಗಿ, ಕೊರಳು ಮುಚ್ಚಿದೆ, ಮುಂದೆ ಜಿಪ್. ಇವತ್ತು ಬೆಳಗ್ಗೆ ಹಾಕಿಕೊಂಡೆ. ಒಂದು ಸಲ ಎಳೆದರೆ ಮುಗಿಯಿತು. ಆಮೇಲೂ ನಾನು ಸುಮ್ಮನೆ ನಿಂತೇ ಇದ್ದೆ. ಯಾಕಮ್ಮ ಎಂದು ಮಗಳು ಕೇಳಿದ್ದಕ್ಕೆ ವಯಸ್ಸಾಯಿತು, ಮೊಣಕಾಲು ನೋವು ಅಂದೆ. ಅದೂ ಸುಳ್ಳಲ್ಲ. ಆದರೆ ಬೆನ್ನ ಮೇಲೆ ಆ ಕೈ ಬೀಳದೆ ಸ್ವಿಚ್ ಒತ್ತಲು ನನಗೆ ಇವತ್ತಿಗೂ ಹೆದರಿಕೆ. ಟೈಲರಮ್ಮ ಹೋದ ಮೇಲೆ ದಿನವೂ ಆ ಹೆದರಿಕೆಯಲ್ಲೇ ಒತ್ತುತ್ತಿದ್ದೇನೆ.