ಸೇಡಂನ ಅತ್ತೆಮನೆಯಲ್ಲಿ ಸರಿ-ಬೆಸ

ಮದುವೆಯ ಮರುದಿನ ಸೇಡಂನ ನನ್ನ ಅತ್ತೆಮನೆಯಲ್ಲಿ ಗಂಡ-ಹೆಂಡತಿಗೆ ಸರಿ-ಬೆಸ ಆಡಿಸುತ್ತಾರೆ. ಸೊಸೆ ಮುಷ್ಟಿಯಲ್ಲಿ ಅಡಕೆ ಬಚ್ಚಿಟ್ಟುಕೊಳ್ಳಬೇಕು, ಗಂಡ ಸರಿಯೋ ಬೆಸವೋ ಹೇಳಬೇಕು. ಗೆದ್ದವರ ಮಾತು ನಡೆಯಬೇಕು.

ನನಗೇನು ಆ ಆಟ ಹೊಸದೇ? ಪ್ರಯೋಗಾಲಯದಲ್ಲಿ ನನಗೆ ಸಂಬಳ ಕೊಡುವುದೇ ಅದಕ್ಕೆ. ಕೂದಲಿಗಿಂತ ಎಷ್ಟೋ ಸಣ್ಣದಾದ ಸೂಪರ್‌ಕಂಡಕ್ಟರ್ ತಂತಿಯನ್ನು ವಿಪರೀತ ತಣ್ಣಗೆ ಮಾಡಿ, ಅದರೊಳಗಿನ ಎಲೆಕ್ಟ್ರಾನ್‌ಗಳ ಸಂಖ್ಯೆ ಸರಿಯೋ ಬೆಸವೋ ಎಂದು ಅಳೆಯುತ್ತೇವೆ. ಎಣಿಸುವಂತಿಲ್ಲ, ಮುಟ್ಟಿ ಕೆಡಿಸುವಂತಿಲ್ಲ. ಪಕ್ಕದಲ್ಲಿ ಕೂತೇ ಗುಟ್ಟು ತಿಳಿಯಬೇಕು. ಟೊಪೊಲಾಜಿಕಲ್ ಕ್ವಾಂಟಮ್ ಕಂಪ್ಯೂಟರ್ ಎಂಬ ದೊಡ್ಡ ಹೆಸರಿನ ಕನಸು ನಿಂತಿರುವುದು ಈ ಸರಿ-ಬೆಸದ ಮೇಲೆಯೇ.

ಬಹಳ ಕಾದ ಮೇಲೆ ನನ್ನ ತಂತಿ ಆಗತಾನೇ ತಣ್ಣಗಾಗಿತ್ತು. ಸೋಮವಾರ ವಾಡಿಯಲ್ಲಿ ರೈಲು ಹತ್ತಿ ಪ್ರಯೋಗಾಲಯ ಸೇರದಿದ್ದರೆ ಅದನ್ನು ತಣ್ಣಗಿಡುವ ಯಂತ್ರ ಇನ್ನೊಬ್ಬರ ಪಾಲು. ಹೊಸ ಸೊಸೆ ತಿಂಗಳಾದರೂ ಮನೆಯಲ್ಲಿರಲಿ ಎಂದು ಅತ್ತೆಯ ಪಟ್ಟು.

"ಗೆದ್ರ ಹೋಗು, ಸೋತ್ರ ಇಲ್ಲೇ" ಎಂದರು.

ನಾಲ್ಕು ಅಡಕೆ ಹಿಡಿದು ಕೂತೆ. ಗಂಡ ಮುಷ್ಟಿ ನೋಡಲಿಲ್ಲ, ಮುಖ ನೋಡಿದ. ಕಳ್ಳ! "ಬೆಸ ಏನು?" ಎಂದ. ನಾನು ಕದಲಲಿಲ್ಲ. "ಸರಿ ಏನು?" ಎಂದ. ಹಾಳಾದ ರೆಪ್ಪೆ ಬಡಿಯಿತು.

"ಸರಿ ಅದ!" ಎಂದು ನಕ್ಕ. ನನ್ನ ವಿದ್ಯೆಯನ್ನು ನನಗೇ ತಿರುಗಿಸಿದ್ದ.

ನಮ್ಮ ತಂತಿಗೊಂದು ಪೀಡೆ ಇದೆ. ಎಲ್ಲಿಂದಲೋ ಒಂದು ಪುಂಡ ಎಲೆಕ್ಟ್ರಾನ್ ನುಸುಳಿದರೆ ಸಾಕು, ಸರಿ ಇದ್ದದ್ದು ಬೆಸವಾಗುತ್ತದೆ. ಅದನ್ನು ತಡೆಯಲು ಹೆಣಗುವವಳು ನಾನು. ಈಗ ಆ ಪುಂಡನನ್ನೇ ಗುರು ಮಾಡಿಕೊಂಡೆ: ಕಿರುಬೆರಳು ಸಡಿಲಿಸಿ ಒಂದು ಅಡಕೆಯನ್ನು ಸೀರೆಯ ನೆರಿಗೆಗೆ ಜಾರಿಸಿ, ಮುಷ್ಟಿ ಬಿಚ್ಚಿದೆ. ಮೂರು!

ಹೆಂಗಸರೆಲ್ಲ ಹೋ ಎಂದರು. "ಭಾಳ ಶಾಣ್ಯಾಕಿಗಿ ತಂದೀರಿ ಬಿಡ್ರಿ" ಎಂದಳು ಚಿಂಚೋಳಿಯಿಂದ ಬಂದಿದ್ದ ಚಿಕ್ಕತ್ತೆ. ಉಬ್ಬಿಹೋಗಿ ದಡಕ್ಕನೆ ಎದ್ದು ನಿಂತೆ. ನೆರಿಗೆಯಲ್ಲಿದ್ದ ಅಡಕೆ ಶಹಾಬಾದ ಕಲ್ಲಿನ ನೆಲಕ್ಕೆ ಟಣ್ಣನೆ ಬಿದ್ದು ಉರುಳತೊಡಗಿತು.

ಅದು ಹೋಗಿ ನಿಂತದ್ದು ಅತ್ತೆಯ ಮುಂದೆ. ಅಡಕೆಗೆ ಅಪ್ಪಿತಪ್ಪಿ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಹೆಂಗಸು. ಅಡಕೆ ನೋಡಿದರು, ನನ್ನನ್ನು ನೋಡಿದರು. ಮೆಲ್ಲಗೆ ಅದರ ಮೇಲೆ ಪಾದ ಇಟ್ಟರು.

"ಏನದು ಸಪ್ಪಳ?" ಎಂದ ಗಂಡ.

"ಈಕಿ ಕಾಲುಂಗರ" ಎಂದರು ಅತ್ತೆ, ಪಾದ ಕದಲಿಸದೆ. "ನೀ ಸೋತಿ. ಸೋಮವಾರ ಈಕಿಗಿ ವಾಡಿ ತನಾ ಬಿಟ್ಟು ಬಾ."